ಮೊಲೊಕಾಯ್ ದ್ವೀಪದ ಸಂತ ದಾಮಿಯನ್ನರೂ ಅವರ ಮನೆತನವೂ

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ, ಅಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ, ಆ ಮಣ್ಣಿನಲ್ಲಿ ಹುಟ್ಟಿ ದೇವರ ಸೇವೆಗೆ ಮುಡಿಪಾದ ಮಕ್ಕಳನ್ನೂ ಕೃತಜ್ಞತೆಯಿಂದ ನೆನೆಯುವುದು ವಾಡಿಕೆ. ಅವರ ಹೆಸರುಗಳು ದಾಖಲೆಯಲ್ಲಿ ಉಳಿಯುತ್ತವೆ. ಆದರೆ ಅವರನ್ನು ಹೆತ್ತು, ಸಾಕಿ, ಕಣ್ಣೀರು ಒರೆಸಿಕೊಂಡು ಕಳುಹಿಸಿಕೊಟ್ಟ ತಂದೆತಾಯಿಗಳ ಹೆಸರು ಎಷ್ಟು ಕಡೆ ಉಳಿದಿದೆ? ದೈವಕರೆ ಬರುವುದು ಒಬ್ಬರಿಗೆ. ಅದರ ಭಾರ ಹೊರುವುದು ಇಡೀ ಮನೆತನ. ಈ ಸತ್ಯವನ್ನು ಮನಗಾಣಲು ಕುಷ್ಠರೋಗಿಗಳ ಬಂಧುವೆಂದು ಲೋಕವಿಖ್ಯಾತರಾದ ಸಂತ ದಾಮಿಯನ್ನರ ಚರಿತ್ರೆಯನ್ನು ಅವರ ಮನೆಯ ಕಡೆಯಿಂದ ನೋಡುವುದು ಉಚಿತ.

ದಾಮಿಯನ್ನರು 1840ನೆಯ ಇಸವಿ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಜನಿಸಿದರು. ಜ್ಞಾನಸ್ನಾನದ ಹೆಸರು ಜೋಸೆಫ್ ದ ವೂಸ್ಟರ್. ತಂದೆ ಫ್ರಾನ್ಸ್ ಬೇಸಾಯಗಾರರು, ಧಾನ್ಯದ ವ್ಯಾಪಾರಿಗಳು. ತಾಯಿ ಆನ್ ಕ್ಯಾಥರೀನ್ ದೈವಭಕ್ತೆ. ಎಂಟು ಮಂದಿ ಮಕ್ಕಳಲ್ಲಿ ಇಬ್ಬರು ಹೆಣ್ಣುಮಕ್ಕಳು ಕನ್ಯಾಮಠ ಸೇರಿದ್ದರು. ಮಗ ಆಗಸ್ಟ್ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪಾಂಫಿಲ್ ಎಂಬ ಹೆಸರು ಪಡೆದಿದ್ದನು. ಇನ್ನುಳಿದ ಜೋಸೆಫನಾದರೂ ವ್ಯಾಪಾರವನ್ನು ವಹಿಸಿಕೊಳ್ಳಲಿ ಎಂಬುದು ತಂದೆಯ ಆಸೆಯಾಗಿತ್ತು. ಅದಕ್ಕಾಗಿಯೇ ಅವನನ್ನು ಫ್ರೆಂಚ್ ಭಾಷೆ ಕಲಿಯಲು ಕಳುಹಿಸಲಾಗಿತ್ತು. ಆದರೆ 1859ರ ಜನವರಿಯಲ್ಲಿ, ಲುವೇನ್ ನಗರದ ಮಠದಲ್ಲಿದ್ದ ಅಣ್ಣನನ್ನು ನೋಡಲೆಂದು ತಂದೆಯೊಡನೆ ಹೋದ ಜೋಸೆಫನು ಮರಳಿ ಮನೆಗೆ ಬರಲಿಲ್ಲ, ಮಠದಲ್ಲಿಯೇ ಉಳಿದನು. ತಂದೆ ಆ ಸಂಜೆ ಒಬ್ಬರೇ ಮನೆಗೆ ಹಿಂದಿರುಗಬೇಕಾಯಿತು.

ದಾಮಿಯನ್ ಎಂಬ ಹೆಸರು ಪಡೆದ ಆ ತರುಣರಿಗೆ ಲ್ಯಾಟಿನ್ ಬಾರದ ಕಾರಣ, ಗುರುಪಟ್ಟಕ್ಕೆ ತಕ್ಕವರಲ್ಲವೆಂದು ಮೊದಲು ಸಹೋದರರ ಸಾಲಿನಲ್ಲಿ ಮಾತ್ರ ಸೇರಿಸಿಕೊಳ್ಳಲಾಯಿತು. ಆಗ ಅಣ್ಣ ಪಾಂಫಿಲರೇ ಪಾಠ ಹೇಳಿಕೊಟ್ಟು ತಮ್ಮನನ್ನು ಗುರುವಿದ್ಯೆಗೆ ಅಣಿಗೊಳಿಸಿದರು. 1863ರಲ್ಲಿ ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಪಾಂಫಿಲರು. ರೋಗಿಗಳ ಆರೈಕೆಯಲ್ಲಿ ತೊಡಗಿದ್ದ ಅವರಿಗೆ ಟೈಫಸ್ ಜ್ವರ ತಗುಲಿ, ಪ್ರಯಾಣ ಅಸಾಧ್ಯವಾಯಿತು. ದಾಮಿಯನ್ನರು ಪ್ಯಾರಿಸ್ಸಿನಲ್ಲಿದ್ದ ಸಭೆಯ ಮುಖ್ಯಸ್ಥರಿಗೆ ತಾವೇ ಪತ್ರ ಬರೆದು, ಅಣ್ಣನ ಸ್ಥಾನದಲ್ಲಿ ತಮ್ಮನ್ನು ಕಳುಹಿಸಬೇಕೆಂದು ಬೇಡಿಕೊಂಡು ಅನುಮತಿ ಪಡೆದರು. ಅಂದು ಹಡಗೇರಿದವರಿಗೆ ಸ್ವದೇಶದ ದರ್ಶನ ಮತ್ತೆ ದೊರೆಯುವುದು ಅಪರೂಪ. ತಾಯಿಯನ್ನು ಬೀಳ್ಕೊಂಡ ಮಗ ಆಕೆಯನ್ನು ಮತ್ತೆ ಕಾಣಲಿಲ್ಲ. ಸುಮಾರು ಐದು ತಿಂಗಳ ಸಮುದ್ರಯಾನದ ನಂತರ 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಅವರು ಹೊನಲುಲು ಬಂದರನ್ನು ತಲುಪಿದರು. ಅದೇ ವರ್ಷ ಮೇ 21ರಂದು ಅಲ್ಲಿಯ ಪ್ರಧಾನಾಲಯದಲ್ಲಿ ಗುರುದೀಕ್ಷೆ ಪಡೆದರು.

ಹೊರನಾಡುಗಳಿಂದ ಬಂದ ರೋಗಗಳಿಗೆ ತುತ್ತಾಗಿ ಹವಾಯಿಯ ಮೂಲನಿವಾಸಿಗಳ ಸಂಖ್ಯೆ ಕುಗ್ಗುತ್ತಿದ್ದ ಕಾಲವದು. ಕುಷ್ಠರೋಗಕ್ಕೆ ಆಗ ಮದ್ದಿರಲಿಲ್ಲ. 1865ರಲ್ಲಿ ಐದನೆಯ ಕಮೆಹಮೆಹ ಅರಸನ ಕಾಲದಲ್ಲಿ ರೋಗಿಗಳನ್ನು ಪ್ರತ್ಯೇಕಿಸುವ ಕಾನೂನು ಜಾರಿಗೆ ಬಂದಿತು. 1866ರ ಜನವರಿಯಲ್ಲಿ ಮೊದಲ ತಂಡವನ್ನು ಮೊಲೊಕಾಯ್ ದ್ವೀಪದ ಒಂದು ನೆಲಚಾಚಿಗೆ ಒಯ್ದು ಬಿಡಲಾಯಿತು. ಮೂರು ಕಡೆ ಕಡಲು, ಒಂದು ಕಡೆ ಗೋಡೆಯಂತೆ ಮೇಲೆದ್ದ ಕಡಿದಾದ ಬೆಟ್ಟ. ಗಂಡನಿಂದ ಹೆಂಡತಿ, ತಾಯಿಯಿಂದ ಮಗು ಬೇರೆಯಾದರು. ದಾಮಿಯನ್ನರು ಮನೆಯನ್ನು ತಾವಾಗಿ ತೊರೆದು ಬಂದವರು. ಆ ಬಡಜನರನ್ನಾದರೋ ಮನೆಯಿಂದ ಕಿತ್ತು ತರಲಾಗಿತ್ತು. ಈ ಎರಡು ಅಗಲಿಕೆಗಳ ಅಂತರವನ್ನು ನಾವು ಮರೆಯಬಾರದು.

ಅಲ್ಲಿಗೆ ಹೋಗೆಂದು ಯಾರಿಗೂ ಆಜ್ಞಾಪಿಸಲು ಬಿಷಪ್ ಮೈಗ್ರೆ ಅವರಿಗೆ ಮನಸ್ಸು ಬರಲಿಲ್ಲ. ನಾಲ್ವರು ಗುರುಗಳು ಸರದಿಯಂತೆ ಹೋಗಲು ಸ್ವತಃ ಮುಂದೆ ಬಂದರು. 1873ರ ಮೇ 10ರಂದು ಮೊದಲನೆಯವರಾಗಿ ಹೋದ ದಾಮಿಯನ್ನರು ಅಲ್ಲಿಯೇ ನೆಲೆಸಿದರು. ಮೊದಲ ರಾತ್ರಿಗಳನ್ನು ಒಂದು ಮರದಡಿಯಲ್ಲಿ ಕಳೆದ ಅವರು, ಮುಂದಿನ 16 ವರ್ಷಗಳಲ್ಲಿ ಗುಡಿಸಲುಗಳ ಜಾಗದಲ್ಲಿ ಮನೆಗಳನ್ನು ಕಟ್ಟಿದರು, ಕುಡಿಯುವ ನೀರಿಗೆ ಕೊಳವೆ ಹಾಕಿಸಿದರು, ಹುಣ್ಣುಗಳನ್ನು ತೊಳೆದರು, ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿದರು, ಸಮಾಧಿಗಳನ್ನು ತೋಡಿದರು. ತಬ್ಬಲಿ ಮಕ್ಕಳಿಗಾಗಿ ಗಂಡುಮಕ್ಕಳ ಮನೆಯೊಂದನ್ನೂ ಹೆಣ್ಣುಮಕ್ಕಳ ಮನೆಯೊಂದನ್ನೂ ನಡೆಸಿದರು. ಕುಟುಂಬವನ್ನು ಕಳೆದುಕೊಂಡವರಿಗೆ ಮತ್ತೊಂದು ಕುಟುಂಬವನ್ನು ಕಟ್ಟಿಕೊಡುವುದೇ ಅಲ್ಲಿ ಶುಭಸಂದೇಶದ ಸಾರುವಿಕೆಯಾಯಿತು.

ಆ ನೆಲೆಯಲ್ಲಿ ಇನ್ನೊಂದು ಬಗೆಯ ಸೇವಕರೂ ಇದ್ದರು. ರೋಗ ಹಿಡಿದ ಗಂಡನೊಡನೆ ಆರೋಗ್ಯವಂತಳಾದ ಹೆಂಡತಿಯೋ, ರೋಗಿಯಾದ ಮಗುವಿನೊಡನೆ ತಾಯಿಯೋ ತಾವಾಗಿ ಬಂದು, ಹೊರಲೋಕವನ್ನು ತೊರೆದು ಆರೈಕೆ ಮಾಡುತ್ತಿದ್ದರು. ಹವಾಯಿಯ ಜನ ಇವರನ್ನು ಕೊಕುವಾ, ಎಂದರೆ ನೆರವಾಗುವವರು ಎಂದು ಕರೆದರು. ಇವರು ಯಾವ ಸಭೆಗೂ ಸೇರಿದವರಲ್ಲ, ಯಾವ ವ್ರತವನ್ನೂ ಸ್ವೀಕರಿಸಿದವರಲ್ಲ. ದಾಮಿಯನ್ನರು ಸೇವೆಗಾಗಿ ಬಂಧುಗಳನ್ನು ಬಿಟ್ಟರು. ಇವರು ಬಂಧುಪ್ರೇಮದಿಂದಲೇ ಸೇವೆಗೆ ಇಳಿದರು. ಎರಡು ದಾರಿಗಳೂ ಒಂದೇ ಶಿಲುಬೆಯ ಬುಡದಲ್ಲಿ ಕೂಡಿದವು.

ದಾಮಿಯನ್ನರು ತಮ್ಮ ಮನೆಯನ್ನು ಮರೆತವರಲ್ಲ. ತಂದೆತಾಯಿಗಳಿಗೂ ಅಣ್ಣನಿಗೂ ಪತ್ರಗಳನ್ನು ಬರೆಯುತ್ತಲೇ ಇದ್ದರು. 1885ರ ಹೊತ್ತಿಗೆ ಅವರಿಗೂ ಕುಷ್ಠರೋಗ ತಗುಲಿರುವುದು ಖಚಿತವಾಯಿತು. ಈ ಸುದ್ದಿ ವೃತ್ತಪತ್ರಿಕೆಗಳ ಮೂಲಕ ಬೆಲ್ಜಿಯಂ ತಲುಪಿ ವೃದ್ಧ ತಾಯಿಯ ಕಿವಿಗೆ ಬಿದ್ದಿತು. 1886ರಲ್ಲಿ ಆ ತಾಯಿ ಕಣ್ಮುಚ್ಚಿದರು. ಮಗನ ಸಂಕಟದ ವಾರ್ತೆಯೇ ಅವರ ಎದೆಯೊಡೆಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಸಂತನ ಕೀರ್ತಿಯನ್ನು ಹಾಡುವಾಗ ಈ ಬೆಲೆಯನ್ನು ಮುಚ್ಚಿಡುವುದು ಸಲ್ಲದು. ತಂದೆತಾಯಿಗಳನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲವೆಂದು ಹೇಳಿದ ಪ್ರಭುವೇ, ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ನೆನೆದು ಆಕೆಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ತೊರೆಯಬೇಕೆಂಬ ಮಾತು ಪ್ರೀತಿಸಬಾರದೆಂಬ ಮಾತಲ್ಲ.

1889ರ ಏಪ್ರಿಲ್ 15ರಂದು, 49ರ ಪ್ರಾಯದಲ್ಲಿ, ದಾಮಿಯನ್ನರು ದೈವಾಧೀನರಾದರು. ಹಿಂದಿನ ವರ್ಷವೇ ಅಲ್ಲಿಗೆ ಬಂದಿದ್ದ ಸಂತ ಮರಿಯಾನ್ ಕೋಪ್ ಮತ್ತು ಅವರ ಸಂಗಾತಿ ಭಗಿನಿಯರು ಆ ಕಾರ್ಯವನ್ನು ಮುಂದುವರಿಸಿದರು. ಕಡೆಗೆ 1895ರಲ್ಲಿ ಅಣ್ಣ ಪಾಂಫಿಲರೂ ಮೊಲೊಕಾಯ್‌ಗೆ ಬಂದರು. ಆದರೆ ಅಲ್ಲಿಯ ಜೀವನಕ್ಕೆ ಹೊಂದಿಕೊಳ್ಳಲಾಗದೆ ಸುಮಾರು ಎರಡು ವರ್ಷಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಇದನ್ನು ಸೋಲೆನ್ನಲಾಗದು, ಅವರು ಕಲಿಸಿದ ಲ್ಯಾಟಿನ್ ಇಲ್ಲದಿದ್ದರೆ ದಾಮಿಯನ್ನರು ಗುರುಗಳೇ ಆಗುತ್ತಿರಲಿಲ್ಲ. ದೇವರ ತೋಟದಲ್ಲಿ ದೂರ ಹೋಗುವವನಿಗೆ ಒಂದು ಕೆಲಸ, ಅವನನ್ನು ಸಿದ್ಧಗೊಳಿಸುವವನಿಗೆ ಇನ್ನೊಂದು.

1936ರಲ್ಲಿ ದಾಮಿಯನ್ನರ ಪಾರ್ಥಿವ ಶರೀರವನ್ನು ಬೆಲ್ಜಿಯಂಗೆ ಕೊಂಡೊಯ್ದು ಲುವೇನ್‌ನಲ್ಲಿ ಇರಿಸಲಾಯಿತು. 1995ರಲ್ಲಿ ವಿಶ್ವಗುರು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದ ಮೇಲೆ ಅವರ ಬಲಗೈಯ ಅವಶೇಷವನ್ನು ಮೊಲೊಕಾಯ್ ಜನರಿಗೆ ಮರಳಿ ಒಪ್ಪಿಸಲಾಯಿತು. 2009ರ ಅಕ್ಟೋಬರ್ 11ರಂದು ಹದಿನಾರನೆಯ ಬೆನೆಡಿಕ್ಟರು ಅವರಿಗೆ ಸಂತಪದವಿ ನೀಡಿದರು. ಹೆತ್ತ ನಾಡೂ ಸೇವೆಗೈದ ನಾಡೂ ಅವರನ್ನು ತನ್ನವರೆಂದು ಹೇಳಿಕೊಳ್ಳುತ್ತವೆ. ಎರಡರ ಮಾತೂ ನಿಜ. ರೋಗಕ್ಕೆ ಔಷಧ ದೊರೆತ ಮೇಲೆ, 1969ರಲ್ಲಿ, ಪ್ರತ್ಯೇಕಿಸುವ ಕಾನೂನೂ ಕೊನೆಗೊಂಡಿತು.

ನಮ್ಮ ನಾಡಿಗೂ ಇಂತಹವರು ಬಂದರು. 1878ರಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸರೆ ತೆರೆದು, 1910ರಲ್ಲಿ ಈ ನೆಲದಲ್ಲಿಯೇ ಮಣ್ಣಾದರು. ಅವರನ್ನೂ ದೂರದ ಒಂದು ಮನೆ ಕಳುಹಿಸಿಕೊಟ್ಟಿತ್ತು. ಇಂದು ನಮ್ಮ ಮನೆಗಳಿಂದಲೂ ಮಕ್ಕಳು ಗುರುಗಳಾಗಿ, ಕನ್ಯಾಸ್ತ್ರೀಯರಾಗಿ ದೂರದ ಊರುಗಳಿಗೆ ಹೋಗಿದ್ದಾರೆ. ಈ ಶತಮಾನೋತ್ಸವದ ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುವಾಗ, ಹಬ್ಬದ ದಿನ ಅವರ ಎಲೆ ಖಾಲಿಯಾಗಿಯೇ ಉಳಿಯುವ ಮನೆಗಳಿಗಾಗಿಯೂ ಪ್ರಾರ್ಥಿಸೋಣ. ಮುಪ್ಪಿನಲ್ಲಿ ಒಂಟಿಯಾದ ಅಂತಹ ತಂದೆತಾಯಿಗಳನ್ನು ಹೋಗಿ ವಿಚಾರಿಸುವುದು ಧರ್ಮಕೇಂದ್ರದ ಹೊಣೆ. ಮಗನನ್ನು ದೇವರಿಗೆ ಕೊಟ್ಟ ತಾಯಿಗೆ ನೆರೆಹೊರೆಯವರೇ ಮಕ್ಕಳಾಗಬೇಕು.