ಪಠ್ಯದ ಬೆನ್ನು ಹತ್ತಿದ ಮೇಷ್ಟ್ರು

ದೇಶದಿಂದ ದೇಶಕ್ಕೆ ಹೋಗುವ ಇಂಟರ್‌ನ್ಯಾಷನಲ್ ಶಾಲೆಯ ಮೇಷ್ಟ್ರನ್ನು ಅಲೆಮಾರಿ ಎನ್ನುವುದುಂಟು. ಆದರೆ ಮೊದಲು ಊರು ಬಿಟ್ಟವರು ಪಾಲಕರು, ಆಮೇಲೆ ಪರೀಕ್ಷೆ. 1924ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಾಲೆ ಹುಟ್ಟಿದ್ದು ರಾಷ್ಟ್ರಸಂಘ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ನೌಕರರ ಮಕ್ಕಳಿಗಾಗಿ. ಅಂಥ ಮಕ್ಕಳನ್ನು ಯಾವ ದೇಶದ ವಿಶ್ವವಿದ್ಯಾಲಯ ಸೇರಿಸಿಕೊಂಡೀತು ಎಂಬ ತೊಡಕಿಗೆ ಉತ್ತರವಾಗಿ 1968ರಲ್ಲಿ ಅದೇ ಊರಿನಲ್ಲಿ, ಹಲವು ದೇಶಗಳಿಗೆ ಒಂದೇ ಪಠ್ಯ, ಒಂದೇ ಪರೀಕ್ಷೆ ಕೊಡುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆ ಸ್ಥಾಪನೆಯಾಯಿತು. ಗಡಿ ದಾಟಿದ ಪಠ್ಯ ಕಲಿಸುವವರನ್ನೂ ದಾಟಿಸಿತು. ಕಲಿಸಲು ಮಿಷನರಿಗಳು ಅದಕ್ಕೂ ಮುಂಚೆ ಗಡಿ ದಾಟಿ ಬಂದಿರಲಿಲ್ಲವೇ? ಬಂದಿದ್ದರು. 1853ರಲ್ಲಿ ಭಾರತಕ್ಕೆ ಬಂದ ಮಿಷನರಿ ಕಿಟ್ಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. (ಎಲ್ಲ ಮಿಷನರಿಗಳೂ ಕಿಟ್ಟೆಲ್ ಆಗಲಿಲ್ಲ ಅನ್ನಿ.) ಆದರೆ ಮಿಷನರಿಗಳಿಗೆ ಊರಿನ ಮಾತಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಇಂದಿನ ಕರಾರಿನ ಮೇಷ್ಟ್ರಿಗೆ ಬ್ಯಾಂಕಾಕಿನಲ್ಲೂ ಬೆಂಗಳೂರಿನಲ್ಲೂ ಬಹುಮಟ್ಟಿಗೆ ಅದೇ ಪಠ್ಯ, ಅದೇ ಇಂಗ್ಲಿಷ್. ಊರಿನ ಮಾತು ಬೇಕಾಗುವುದು ತರಕಾರಿ ಅಂಗಡಿಯಲ್ಲಿ.