ಹೊಳೆಗೆ ಬಿಟ್ಟ ಜಾಗ

ಟೊರಾಂಟೊ ನಗರದ ನಕ್ಷೆಯನ್ನು ಬಿಡಿಸಿ ನೋಡಿದರೆ ಉತ್ತರದಿಂದ ಒಂಟಾರಿಯೊ ಸರೋವರದ ಕಡೆಗೆ ಹಲವು ಹಸಿರು ಪಟ್ಟಿಗಳು ಇಳಿದು ಬರುವುದು ಕಾಣುತ್ತದೆ. ಹಂಬರ್, ಡಾನ್, ರೂಜ್ ನದಿಗಳ ಮತ್ತು ಅವುಗಳನ್ನು ಕೂಡುವ ತೊರೆಗಳ ಕಣಿವೆಗಳು ಅವು. ನಗರದ ನೆಲದಲ್ಲಿ ಸುಮಾರು ಶೇಕಡಾ 17ರಷ್ಟು ಈ ಕಣಿವೆಗಳದ್ದೇ. ಅಡಿ ಅಡಿಗೂ ಬೆಲೆಯಿರುವ ಊರಿನಲ್ಲಿ ಇಷ್ಟೊಂದು ಜಾಗ ಮನೆಗಳಿಲ್ಲದೆ ಉಳಿದಿರುವುದನ್ನು ಕಂಡು ಹೊಸದಾಗಿ ಬಂದವರು ಇದೆಲ್ಲ ಇಲ್ಲಿನವರ ಪ್ರಕೃತಿಪ್ರೇಮ ಎಂದುಕೊಳ್ಳುತ್ತಾರೆ. ನಮ್ಮ ಕನ್ನಡ ಕುಟುಂಬಗಳು ಬೇಸಿಗೆಯಲ್ಲಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುವುದೂ ಇಂಥ ನದೀತೀರದ ಉದ್ಯಾನಗಳಿಗೇ. ಆದರೆ ಈ ಹಸಿರಿನ ದೊಡ್ಡ ಪಾಲು ಉಳಿದದ್ದು ಪ್ರೀತಿಯಿಂದಲ್ಲ, ಒಂದು ರಾತ್ರಿಯ ಸಾವುಗಳಿಂದ.

ಅದು 1954ರ ಅಕ್ಟೋಬರ್ 15ರ ರಾತ್ರಿ. ಹೈಟಿಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡು, ಅಮೆರಿಕದ ಕೆರೊಲಿನಾ ಕರಾವಳಿಗೆ ಅಪ್ಪಳಿಸಿದ ಹೇಜಲ್ ಚಂಡಮಾರುತ ಒಳನಾಡಿಗೆ ಬರುವಷ್ಟರಲ್ಲಿ ಬಲ ಕಳೆದುಕೊಳ್ಳಬೇಕಿತ್ತು. ಹಾಗಾಗಲಿಲ್ಲ. ತಣ್ಣನೆಯ ಗಾಳಿಯ ರಾಶಿಯೊಂದು ಅದಕ್ಕೆ ಎದುರಾಗಿ, ಟೊರಾಂಟೊದ ಸುತ್ತ ಮಳೆ ಸುರಿದೇ ಸುರಿಯಿತು. ಎರಡು ದಿನಗಳಲ್ಲಿ 285 ಮಿಲಿಮೀಟರ್. ಅದರಲ್ಲಿ 200ಕ್ಕೂ ಹೆಚ್ಚು ಕೊನೆಯ ಹನ್ನೆರಡು ಗಂಟೆಗಳಲ್ಲಿ. ಆಗುಂಬೆಯವರಿಗೆ ಇದು ಆಷಾಢದ ಜೋರು ಮಳೆ ಎನಿಸಬಹುದು. ಇಲ್ಲಿನ ನೆಲ, ಇಲ್ಲಿನ ಸೇತುವೆಗಳು ಅಂಥ ಮಳೆಯನ್ನು ಕಂಡಿರಲಿಲ್ಲ. ಅದಕ್ಕೂ ಮುಂಚಿನ ವಾರಗಳ ಮಳೆಗೆ ಮಣ್ಣು ನೆನೆದು ತುಂಬಿತ್ತು. ಬಿದ್ದ ನೀರು ಇಂಗದೆ ನೇರವಾಗಿ ಹೊಳೆ ಸೇರಿತು.

ಕೆನಡಾದಲ್ಲಿ ಆ ನೆರೆಗೆ 81 ಜನ ಸತ್ತರು. ಹಂಬರ್ ನದಿಯ ದಂಡೆಯ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ. ಅಲ್ಲಿನ ಕಾಲುಸೇತುವೆ ಕಿತ್ತು ಬಂದು ನೀರಿನ ದಿಕ್ಕನ್ನೇ ಬೀದಿಯತ್ತ ತಿರುಗಿಸಿತು. ನಿದ್ದೆಯಲ್ಲಿದ್ದವರ ಸಮೇತ ಮನೆಗಳು ಕೊಚ್ಚಿಹೋದವು. ಸಿಕ್ಕಿಬಿದ್ದವರನ್ನು ಕಾಪಾಡಲು ಹೊರಟ ಐವರು ಸ್ವಯಂಸೇವಕ ಅಗ್ನಿಶಾಮಕರೂ ಹಂಬರ್ ಪಾಲಾದರು. ಸಾವಿರಾರು ಜನ ನೆಲೆ ಕಳೆದುಕೊಂಡರು.

ಸತ್ತವರು ಯಾರೂ ಕಾನೂನು ಮೀರಿ ಮನೆ ಕಟ್ಟಿಕೊಂಡವರಲ್ಲ ಎಂಬುದನ್ನು ಗಮನಿಸಬೇಕು. ಎರಡನೇ ಮಹಾಯುದ್ಧದ ನಂತರ ಊರು ಬೆಳೆಯುತ್ತಿತ್ತು, ಮನೆಗಳಿಗೆ ಬೇಡಿಕೆಯಿತ್ತು, ಹೊಳೆಯ ಅಕ್ಕಪಕ್ಕದ ಸಮತಟ್ಟು ನೆಲ ಅನುಕೂಲವಾಗಿ ಕಂಡಿತ್ತು. ವರ್ಷಗಟ್ಟಲೆ ಒಣಗಿರುವ ದಂಡೆಯನ್ನು ಜನ ದಂಡೆಯೆಂದೇ ತಿಳಿಯುತ್ತಾರೆ. ನದಿಯ ಲೆಕ್ಕದಲ್ಲಿ ಅದೂ ಪಾತ್ರವೇ. ಅದು ಎಂದೋ ಒಮ್ಮೆ ಬಂದು ಬಳಸಿಕೊಳ್ಳುತ್ತದೆ, ಅಷ್ಟೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಟೊರಾಂಟೊದವರು ಮಾಡಿದ್ದೂ ಅದನ್ನೇ. ಆದರೆ ಹಾಕಿದ ಬಾಗಿಲನ್ನು ಮತ್ತೆ ತೆರೆಯಲಿಲ್ಲ. ಇದಕ್ಕೆ ಬೇಕಾದ ಕಾನೂನಿನ ಚೌಕಟ್ಟು ಅದಾಗಲೇ ಸಿದ್ಧವಿತ್ತು. ಕಾಡು ಕಡಿದು, ಮಣ್ಣು ಕೊಚ್ಚಿಹೋಗಿ ಬಂಜರಾಗುತ್ತಿದ್ದ ಒಂಟಾರಿಯೊದ ಹಳ್ಳಿಗಾಡಿಗಾಗಿ 1946ರಲ್ಲಿ ಸಂರಕ್ಷಣಾ ಪ್ರಾಧಿಕಾರಗಳ ಕಾಯಿದೆ ಬಂದಿತ್ತು. ಅದರ ಎರಡು ನಿಯಮಗಳು ಇಂದಿಗೂ ಬೆಲೆಯುಳ್ಳವು. ಪ್ರಾಧಿಕಾರದ ಗಡಿ ಜಿಲ್ಲೆಯದ್ದಲ್ಲ, ತಾಲ್ಲೂಕಿನದ್ದಲ್ಲ, ಇಡೀ ಜಲಾನಯನ ಪ್ರದೇಶದ್ದು. ಮತ್ತು ಅದು ಮೇಲಿನಿಂದ ಹೇರಿದ ಸಂಸ್ಥೆಯಲ್ಲ. ಆ ನದಿಯ ಊರುಗಳೇ ಸೇರಿ ಕೇಳಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು.

ಹೇಜಲ್ ನಂತರ ಈ ಪ್ರಾಧಿಕಾರಗಳಿಗೆ ನದೀತೀರದ ಭೂಮಿಯನ್ನು ಕೊಳ್ಳುವ ಅಧಿಕಾರ ಸಿಕ್ಕಿತು. 1957ರಲ್ಲಿ ಟೊರಾಂಟೊ ಸುತ್ತಲಿನ ನಾಲ್ಕು ಪ್ರಾಧಿಕಾರಗಳು ಒಂದಾದವು. 1959ರ ಯೋಜನೆಯಲ್ಲಿ ಅಣೆಕಟ್ಟುಗಳ ಜೊತೆಗೆ ಕಣಿವೆಯ ನೆಲವನ್ನು ಸಾರ್ವಜನಿಕರ ಹೆಸರಿಗೆ ತರುವ ಕೆಲಸವೂ ಸೇರಿತು. ರೇಮೋರ್ ಡ್ರೈವಿನ ಕೊಚ್ಚಿಹೋದ ಭಾಗದಲ್ಲಿ ಮತ್ತೆ ಮನೆಗಳೇಳಲಿಲ್ಲ. ಇಂದು ಅದು ರೇಮೋರ್ ಉದ್ಯಾನ. ಹೇಜಲ್ ಸುರಿಸಿದ ಮಳೆಯೇ ಈ ಭಾಗದ ಅಳತೆಗೋಲಾಯಿತು: ಅಂಥ ಮಳೆ ಮತ್ತೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗಿನ ಜಾಗದಲ್ಲಿ ಕಟ್ಟುವುದಕ್ಕೆ ಕಡಿವಾಣ ಬಿತ್ತು.

ಜಾಗ ಬಿಟ್ಟರಷ್ಟೇ ಸಾಲದು ಎಂಬುದಕ್ಕೆ ಡಾನ್ ನದಿಯ ಕಥೆ ಸಾಕ್ಷಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅದರ ಕೆಳಭಾಗವನ್ನು ಕಾಲುವೆಯಂತೆ ನೆಟ್ಟಗೆ ಮಾಡಿದ್ದರು. ಅದರ ಮುಖದಲ್ಲಿದ್ದ ವಿಶಾಲ ಜೌಗನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತುಂಬಿಸಿ ಬಂದರು, ಕೈಗಾರಿಕೆಗಳಿಗೆ ನೆಲ ಮಾಡಿಕೊಂಡರು. 1960ರ ದಶಕದಲ್ಲಿ ಕಣಿವೆಯುದ್ದಕ್ಕೂ ಹೆದ್ದಾರಿ ಬಂತು. ನೀರು ಎಷ್ಟು ಕೆಟ್ಟಿತ್ತೆಂದರೆ 1969ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೊಲ್ಯೂಷನ್ ಪ್ರೋಬ್ ಎಂಬ ಸಂಘಟನೆಯವರು ಡಾನ್ ಸತ್ತಿತೆಂದು ಸಾರಿ, ಶವವಾಹನದೊಂದಿಗೆ ಮೆರವಣಿಗೆ ಹೊರಟು ನದಿಗೆ ಅಂತ್ಯಕ್ರಿಯೆಯನ್ನೇ ಮಾಡಿದರು.

ಸತ್ತ ನದಿಯನ್ನು ಎಬ್ಬಿಸುವ ಕೆಲಸಕ್ಕೆ ಕೈಹಾಕಿದ್ದೂ ನಾಗರಿಕರೇ. 1989ರಲ್ಲಿ ಹುಟ್ಟಿದ 'ಡಾನ್ ನದಿಯನ್ನು ಮರಳಿ ತರುವ ಕಾರ್ಯಪಡೆ'ಯಲ್ಲಿ ನಗರಸಭೆಯವರ ಜೊತೆ ಸ್ವಯಂಸೇವಕರು ಕೂತರು. 1991ರ ಅವರ ವರದಿಯಲ್ಲಿ ನದಿಯ ಮುಖದಲ್ಲಿ ಮತ್ತೆ ಜೌಗು ಬೆಳೆಸುವ ಕನಸೂ ಇತ್ತು. ದೊಡ್ಡ ಕನಸಿಗೆ ಹಣವಿರಲಿಲ್ಲ. ಸಣ್ಣದಕ್ಕೆ ಕೈ ಸಾಕಿತ್ತು. ರಜಾದಿನಗಳಲ್ಲಿ ಜನ ಗುದ್ದಲಿ ಹಿಡಿದು ದಂಡೆಗೆ ಇಳಿದರು, ಕಸ ಎತ್ತಿದರು, ಸ್ಥಳೀಯ ಜಾತಿಯ ಗಿಡಗಳನ್ನು ನೆಟ್ಟರು. 1996ರಲ್ಲಿ ಚೆಸ್ಟರ್ ಸ್ಪ್ರಿಂಗ್ಸ್ ಎಂಬಲ್ಲಿ ಪುಟ್ಟ ಜೌಗೊಂದು ಮರುಹುಟ್ಟು ಪಡೆಯಿತು.

ಮುಖಜಭೂಮಿಯ ಕನಸು ನನಸಾಗಲು ಮೂರು ದಶಕ ಹಿಡಿಯಿತು. 2017ರ ಕೊನೆಯಲ್ಲಿ ಆರಂಭವಾದ ಕೆಲಸಕ್ಕೆ ಮೂರು ಹಂತದ ಸರ್ಕಾರಗಳು ಸೇರಿ 125 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಾಕಿ, ತುಂಬಿದ ನೆಲವನ್ನು ಮತ್ತೆ ಅಗೆದು, ಡಾನ್‌ಗೆ ಬಳುಕುವ ಹೊಸ ಪಾತ್ರ ಕೊಟ್ಟವು. 2024ರಲ್ಲಿ ಅದು ಸರೋವರ ಸೇರಿತು. ಸುಮಾರು 240 ಹೆಕ್ಟೇರ್ ನೆಲಕ್ಕೆ ನೆರೆಯಿಂದ ರಕ್ಷಣೆ ಸಿಕ್ಕಿತು. ಅಗೆಯುತ್ತಿದ್ದಾಗ ನಡೆದ ಒಂದು ಸಂಗತಿ ಮಾತ್ರ ಯಾವ ಎಂಜಿನಿಯರನ ನಕ್ಷೆಯಲ್ಲೂ ಇರಲಿಲ್ಲ. ಅಡಿಗಟ್ಟಲೆ ತುಂಬುಮಣ್ಣಿನ ಕೆಳಗಿದ್ದ ಹಳೆಯ ಜೌಗಿನ ಪದರಕ್ಕೆ ಬಿಸಿಲು ಬಿದ್ದೊಡನೆ ಅಲ್ಲಿ ಜೊಂಡು ಚಿಗುರಿತು. ಸುಮಾರು ನೂರು ವರ್ಷ ಹೂತುಹೋಗಿದ್ದ ಬೀಜಗಳು ಅವು.

ಹಾಗೆಂದು ಕಥೆ ಸುಖಾಂತ್ಯವಾಯಿತೆಂದು ತಿಳಿಯುವಂತಿಲ್ಲ. 2013ರ ಜುಲೈ 8ರಂದು ಡಾನ್ ಕಣಿವೆಯಲ್ಲಿ ರೈಲೊಂದು ನೀರಿನ ನಡುವೆ ನಿಂತು, ಸುಮಾರು 1,400 ಪ್ರಯಾಣಿಕರು ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರು. 2024ರ ಜುಲೈ 16ರಂದು ಕಣಿವೆಯ ಹೆದ್ದಾರಿ ಮತ್ತೆ ಮುಳುಗಿತು. ಹೊಳೆಗೆ ಬಿಟ್ಟುಕೊಟ್ಟ ಉದ್ಯಾನಗಳಲ್ಲಿ ನೆರೆ ಬಂದು ಹೋದರೆ ಕೆಸರು ತೊಳೆದರಾಯಿತು. ಹೊಳೆಯಿಂದ ಕಿತ್ತುಕೊಂಡ ಕಡೆ ಊರೇ ನಿಲ್ಲುತ್ತದೆ.

ಈಗ ಒಂಟಾರಿಯೊದಲ್ಲಿ ಮತ್ತೆ ಮನೆಗಳ ಅಭಾವ. 2022ರ ನವೆಂಬರಿನಲ್ಲಿ ಪ್ರಾಂತ್ಯದ ಸರ್ಕಾರ ಮನೆ ಕಟ್ಟುವುದನ್ನು ಚುರುಕುಗೊಳಿಸಲು ತಂದ ಕಾಯಿದೆ ಸಂರಕ್ಷಣಾ ಪ್ರಾಧಿಕಾರಗಳ ಮಾತಿಗಿದ್ದ ತೂಕವನ್ನು ಹಲವು ವಿಷಯಗಳಲ್ಲಿ ಕಡಿಮೆ ಮಾಡಿತು. ಮನೆ ಬೇಕಾಗಿರುವವರಲ್ಲಿ ನಮ್ಮಂಥ ವಲಸಿಗರೇ ಬಹಳ. ಬಾಡಿಗೆಗೆ ನೆಲಮಾಳಿಗೆ ಹಿಡಿದು ಬದುಕುವವರೂ ನಮ್ಮಲ್ಲಿದ್ದಾರೆ. ನೆರೆ ಬಂದಾಗ ಮೊದಲು ನೀರು ನುಗ್ಗುವುದೂ ಆ ನೆಲಮಾಳಿಗೆಗೇ. ಆದ್ದರಿಂದ ಮನೆ ಬೇಕೋ ಹೊಳೆ ಬೇಕೋ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯೇ ಸರಿಯಲ್ಲ ಎನ್ನಬೇಕು. 1954ಕ್ಕೆ ಮುಂಚೆ ರೇಮೋರ್ ಡ್ರೈವಿನಲ್ಲಿ ಮನೆ ಮಾಡಿದವರಿಗೂ ಮನೆಯೇ ಬೇಕಿತ್ತು. ಆ ಮನೆ ಎಲ್ಲಿ ಇರಬಾರದು ಎಂದು ಅವರಿಗೆ ಹೇಳಬೇಕಾದವರು ಆಗ ಹೇಳಿರಲಿಲ್ಲ. ಹಾಗೆ ಹೇಳುವ ಅಧಿಕಾರ 81 ಜೀವಗಳ ಬೆಲೆಗೆ ಹುಟ್ಟಿದ್ದು. ಅದನ್ನು ಅಗ್ಗದಲ್ಲಿ ಬಿಟ್ಟುಕೊಡಬಾರದು.