ಶಿಕ್ಷಕರ ಮೇಲಿನ ಹಿಂಸೆ ಮತ್ತು ಮುಖ್ಯಶಿಕ್ಷಕರ ತರಬೇತಿ: ಸೇಡಂ–ಚಿತ್ತಾಪುರ–ಚಿಂಚೋಳಿ ಸೀಮೆ

ಈ ತರಬೇತಿಯೆಂದರೆ ಶಿಕ್ಷಕರ ಮೇಲಿನ ಹಲ್ಲೆ, ಬೆದರಿಕೆ, ನಿಂದನೆ, ಲೈಂಗಿಕ ಕಿರುಕುಳಗಳನ್ನು ತಡೆಯಲು, ನಡೆದಾಗ ನಿಭಾಯಿಸಲು ಮುಖ್ಯಶಿಕ್ಷಕರನ್ನೂ ಶಿಕ್ಷಣಾಧಿಕಾರಿಗಳನ್ನೂ ಸಜ್ಜುಗೊಳಿಸುವ ಕೆಲಸ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಾಗಲಿ, ವಾಡಿ, ಶಹಾಬಾದದಂಥ ಸಿಮೆಂಟಿನ ಊರುಗಳಲ್ಲಾಗಲಿ ಇದು ಪ್ರತ್ಯೇಕ ಹೆಸರಿನಲ್ಲಿ ಬೆಳೆದದ್ದಲ್ಲ. ಶಾಲಾ ಆಡಳಿತ, ಮಕ್ಕಳ ರಕ್ಷಣೆ, ಪರೀಕ್ಷಾ ಬಂದೋಬಸ್ತು ಎಂಬ ಬೇರೆ ಬೇರೆ ತರಬೇತಿಗಳ ಮೂಲೆಯಲ್ಲಿ ತುಣುಕು ತುಣುಕಾಗಿ ಸೇರಿಕೊಂಡಿದೆ.

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಶಿಕ್ಷಕರ ತರಬೇತಿ ತಾಲ್ಲೂಕಿನ ಮಟ್ಟಕ್ಕೆ ಇಳಿದದ್ದು 1990ರ ದಶಕದ ಕೊನೆಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದು ತಾಲ್ಲೂಕು, ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳಾದ ಬಿಆರ್‌ಸಿ, ಸಿಆರ್‌ಸಿಗಳು ಹುಟ್ಟಿದ ಮೇಲೆ. 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದ ಎಸ್‌ಡಿಎಂಸಿಗಳ ಮೂಲಕ ಪಾಲಕರಿಗೆ ಶಾಲೆಯ ಆಡಳಿತದಲ್ಲಿ ಪಾಲು ಸಿಕ್ಕಿತು. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಗುಲಬರ್ಗಾವೂ (ಈಗಿನ ಕಲಬುರಗಿ) ಒಂದು. ದಿನಸಿ, ಕಟ್ಟಡದ ದುಡ್ಡು, ಹಾಜರಿ ಎಂದು ಊರವರೊಡನೆ ಮಾತುಕತೆ ನಡೆಸುವುದು, ಜಗಳ ಬಿಡಿಸುವುದು ಅಲ್ಲಿಂದ ಹೆಡ್‌ಮಾಸ್ತರರ ನಿತ್ಯದ ಕೆಲಸವಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆ ಬಂತು. 2019ರಲ್ಲಿ ಆರಂಭವಾದ ಶಿಕ್ಷಕರ ‘ನಿಷ್ಠಾ’ ತರಬೇತಿಯಲ್ಲೂ ಮಕ್ಕಳ ಸುರಕ್ಷತೆಗೆ ಜಾಗವಿತ್ತು. ಅದು ಬೇಕಾದದ್ದೇ. ಆದರೆ ಏಟು ಬಿದ್ದದ್ದು ಶಿಕ್ಷಕರಿಗಾದರೆ ಮುಖ್ಯಶಿಕ್ಷಕರು ನಾಲ್ಕಾರು ಕಾನೂನುಗಳನ್ನು ತಾವೇ ಜೋಡಿಸಿಕೊಳ್ಳಬೇಕು. ಕುಡಿದು ಬಂದ ಪಾಲಕನೊಬ್ಬ ಸರ್ಕಾರಿ ಶಾಲೆಯ ಶಿಕ್ಷಕಿಯ ಕೈಯಿಂದ ಹಾಜರಿ ಪುಸ್ತಕ ಕಿತ್ತು ತಳ್ಳಿದನೆನ್ನಿ: ಅದು ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಹಿಂದೆ ಐಪಿಸಿ 353, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 132. ತಳ್ಳಿದವನು ಎಂಟನೆಯ ತರಗತಿಯ ಹುಡುಗನಾದರೆ ದಾರಿಯೇ ಬೇರೆ. ಘೋರ ಅಪರಾಧವಲ್ಲದಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಇಲ್ಲ. ಠಾಣೆಯ ದಿನಚರಿಯಲ್ಲಿ ದಾಖಲಾಗಿ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 16ರ ಪ್ರಕಾರ ಅವನನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಶಿಕ್ಷಕರು ಸರ್ಕಾರಿ ನೌಕರರಲ್ಲದ ಖಾಸಗಿ ಅನುದಾನರಹಿತ ಶಾಲೆಯಲ್ಲಾದರೆ ಸಾಮಾನ್ಯ ಹಲ್ಲೆಯ ಕಲಮುಗಳೇ ಗತಿ.

ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾಯ್ದೆ ಸ್ಪಷ್ಟವಾಗಿದೆ. ಆದರೂ ಚಿಂಚೋಳಿಯ ಲಂಬಾಣಿ ತಾಂಡಾಗಳಲ್ಲಿರುವಂಥ ಇಬ್ಬರು ಮೂವರು ಶಿಕ್ಷಕರ ಶಾಲೆಯಲ್ಲಿ ಆಂತರಿಕ ಸಮಿತಿ ಕೂರುವುದೆಂತು? ಹತ್ತಕ್ಕಿಂತ ಕಡಿಮೆ ನೌಕರರಿರುವೆಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ. ತಾಲ್ಲೂಕಿನ ನೋಡಲ್ ಅಧಿಕಾರಿ ಅದನ್ನು ಏಳು ದಿನದೊಳಗೆ ಕಳಿಸಬೇಕು. ಶಿಕ್ಷಕಿಗೆ ಇದನ್ನು ಮೊದಲು ತಿಳಿಸಬೇಕಾದವರು ಮುಖ್ಯಶಿಕ್ಷಕರೇ.

2021ರ ಡಿಸೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ನಲ್ಲೂರಿನ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳು ಹಿಂದಿ ಶಿಕ್ಷಕರ ತಲೆಯ ಮೇಲೆ ಕಸದ ಬುಟ್ಟಿ ಕವುಚಿದ ವಿಡಿಯೊ ಹರಿದಾಡಿದಾಗಲೇ ರಾಜ್ಯ ಈ ಬಗ್ಗೆ ದೊಡ್ಡದಾಗಿ ಮಾತಾಡಿತು. ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ಶಿಕ್ಷಕರಿಗಿಲ್ಲ. ಇದು ಇಲ್ಲಿನ ಸಮಸ್ಯೆಯಷ್ಟೇ ಅಲ್ಲ: ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ ಅಲ್ಲಿನ 2,998 ಶಿಕ್ಷಕರನ್ನು ವಿಚಾರಿಸಿದಾಗ 80% ಮಂದಿ ಸಮೀಕ್ಷೆಯ ವರ್ಷ ಅಥವಾ ಅದರ ಹಿಂದಿನ ವರ್ಷ ಒಮ್ಮೆಯಾದರೂ ಇಂಥ ಹಿಂಸೆಗೆ ಗುರಿಯಾಗಿದ್ದರು.

ಈ ತುಣುಕು ತರಬೇತಿಗಳಲ್ಲಿ ಕಲಬುರಗಿ ಕಡೆ ತಪ್ಪದೆ ವರ್ಷವರ್ಷ ನಡೆಯುವುದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಿದ್ಧತೆ: ಮುಖ್ಯ ಅಧೀಕ್ಷಕರ ಸಭೆ, ನಿಷೇಧಾಜ್ಞೆ, ಬಾಗಿಲಲ್ಲಿ ಪೊಲೀಸರು. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಚೀಟಿ ಕಸಿದುಕೊಂಡ ಮೇಲ್ವಿಚಾರಕರ ಮಾತಿಗೆ ಅದು ಸಾಕ್ಷಿಯಾಗಬಲ್ಲದು. ಪರೀಕ್ಷೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವ ದಾರಿ ಅದರ ಕಣ್ಣಿಗೆ ಬೀಳುವುದಿಲ್ಲ.